ಹಡಗಿನ ಖಾತೆಯಲ್ಲಿ ಪುಕ್ಕಟೆ ಡಾಲರ್

ಕ್ರೂಸ್ ಪ್ರಯಾಣದ ಕೊನೆಯ ರಾತ್ರಿ ಹಡಗಿನ ಅಂಗಡಿಗಳಲ್ಲಿ ಒಂದು ವಿಚಿತ್ರ ಗಡಿಬಿಡಿ. ಸೂಟ್‌ಕೇಸ್ ಕಟ್ಟಿ ಕ್ಯಾಬಿನ್ ಬಾಗಿಲಾಚೆ ಇಟ್ಟು ಬಂದವರು ಸೆಂಟಿನ ಬಾಟಲಿಯನ್ನೋ ಹಡಗಿನ ಹೆಸರಿರುವ ಟೋಪಿಯನ್ನೋ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಬೇಕೆಂದು ಕೊಳ್ಳುವವರು ಕಡಿಮೆ. ಖಾತೆಯಲ್ಲಿ ಅರವತ್ತೋ ಎಪ್ಪತ್ತೋ ಡಾಲರ್ ಉಳಿದಿದೆ, ಬೆಳಗಾದರೆ ಅದು ಸೊನ್ನೆ.

ಆನ್‌ಬೋರ್ಡ್ ಕ್ರೆಡಿಟ್ ಎನ್ನುವುದು ಇದನ್ನೇ. ಹಡಗು ಹತ್ತಿದ ಮೇಲೆ ನೋಟಿಗೆ ಹೆಚ್ಚು ಕೆಲಸವಿಲ್ಲ. ಕ್ಯಾಬಿನ್ನಿನ ಕೀ ಕಾರ್ಡೇ ಪರ್ಸು. ಮಸಾಜು, ವೈನು, ಬಟ್ಟೆ ಒಗೆಸಿದ್ದು ಎಲ್ಲವೂ ಒಂದೇ ಖಾತೆಗೆ ಬೀಳುತ್ತ ಹೋಗಿ, ಕೊನೆಗೆ ನಿಮ್ಮ ಬ್ಯಾಂಕಿನ ಕಾರ್ಡಿನಿಂದ ಮುರಿದುಕೊಳ್ಳುತ್ತಾರೆ. ಆ ಖಾತೆಗೆ ಕಂಪನಿಯೋ ಟ್ರಾವೆಲ್ ಏಜೆಂಟೋ ಮೊದಲೇ ಜಮಾ ಮಾಡಿಟ್ಟ ಮೊತ್ತವೇ ಕ್ರೆಡಿಟ್. ಬೇಗ ಬುಕ್ ಮಾಡಿದ್ದಕ್ಕೆ, ಹಳೆಯ ಗಿರಾಕಿ ಎಂಬುದಕ್ಕೆ, ಹೋದ ಸಲ ಹಡಗಿನಲ್ಲಿ ಕೂತೇ ಮುಂದಿನ ಯಾನಕ್ಕೆ ಮುಂಗಡ ಕಟ್ಟಿದ್ದಕ್ಕೆ, ಹೀಗೆ ಕಾರಣ ಹಲವು. ಕ್ಯೂನಾರ್ಡ್, ಸೀಬೋರ್ನ್ ಹಡಗುಗಳ ಒಡೆತನವಿರುವ ಕಾರ್ನಿವಲ್ ಕಾರ್ಪೊರೇಷನ್ ತನ್ನ 100 ಷೇರು ಇಟ್ಟುಕೊಂಡವರಿಗೂ ವರ್ಷಗಳಿಂದ ಇದನ್ನು ಕೊಡುತ್ತ ಬಂದಿದೆ. 14 ದಿನ ಮತ್ತು ಮೇಲ್ಪಟ್ಟ ಯಾನಕ್ಕೆ ಕ್ಯಾಬಿನ್ನಿಗೆ 250 ಡಾಲರ್.

ಲೆಕ್ಕ ಹೇಗೆ ಓಡುತ್ತದೆ ನೋಡಿ. ನಿಮಗೆ 300 ಡಾಲರ್ ಬಂದಿದೆ ಎನ್ನೋಣ. ಸ್ಪಾದಲ್ಲಿ 199 ಡಾಲರಿನ ಮಸಾಜು. ಅದಕ್ಕೆ ತಾನಾಗಿ ಸೇರುವ ಶೇ 18ರ ಟಿಪ್ಸ್ ಕೂಡಿಸಿದರೆ 234.82. ಉಳಿದದ್ದು 65.18. ಈಗ ಅಂಗಡಿಯಲ್ಲಿ ಅದೇ ಬೆಲೆಯ ವಸ್ತು ಸಿಗುವುದಿಲ್ಲ, 120 ಡಾಲರಿನ ಸೆಂಟು ಸಿಗುತ್ತದೆ. ಅರ್ಧ ದುಡ್ಡು ಪುಕ್ಕಟೆಯಲ್ಲವೇ ಎಂದುಕೊಂಡು ಕೈಯಿಂದ 54.82 ಹಾಕುತ್ತೀರಿ. ಮನೆಯಲ್ಲಿ ಕೂತಿದ್ದರೆ ಆ ಸೆಂಟಿನ ಯೋಚನೆಯೂ ಬರುತ್ತಿರಲಿಲ್ಲ. ಕ್ರೆಡಿಟ್ ಖರ್ಚನ್ನು ತಗ್ಗಿಸಲಿಲ್ಲ, ಹೊಸದೊಂದನ್ನು ಹುಟ್ಟಿಸಿತು.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇಂಥ ಬುದ್ಧಿಯನ್ನೇ ಅಧ್ಯಯನ ಮಾಡಿದವರು. ದುಡಿದದ್ದು, ಗೆದ್ದದ್ದು, ಪುಕ್ಕಟೆ ಬಂದದ್ದು ಎಂದು ಮನಸ್ಸು ಬೇರೆಬೇರೆ ಡಬ್ಬಿಗಳಲ್ಲಿ ದುಡ್ಡಿಡುತ್ತದೆ, ಪುಕ್ಕಟೆಯ ಡಬ್ಬಿಯ ಮುಚ್ಚಳ ಸಲೀಸಾಗಿ ತೆರೆಯುತ್ತದೆ. 2017ರಲ್ಲಿ ಅವರಿಗೆ ನೊಬೆಲ್ ಬಂತು. ಸಾಸಿವೆ ಡಬ್ಬಿಯಲ್ಲಿ ಗುಟ್ಟಾಗಿ ನೋಟು ಮಡಚಿಡುವ ನಮ್ಮ ಅಜ್ಜಿಯರಿಗೆ ಈ ವಿದ್ಯೆ ಮೊದಲೇ ಗೊತ್ತಿತ್ತು, ಅದು ಬೇರೆ ಮಾತು. ಕಂಪನಿಗಳಿಗಂತೂ ಚೆನ್ನಾಗಿಯೇ ಗೊತ್ತು. ಕಾರ್ನಿವಲ್‌ನ ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲು ಟಿಕೆಟ್ಟಿನದಲ್ಲ, ಮುಖ್ಯವಾಗಿ ಹಡಗಿನೊಳಗಿನ ವ್ಯಾಪಾರದ್ದು.

ಹಾಗಾದರೆ ಊಟ, ಮದ್ಯ, ಟಿಪ್ಸ್ ಎಲ್ಲ ದರದಲ್ಲೇ ಸೇರಿರುವ ಸೀಬೋರ್ನ್, ರೀಜೆಂಟ್‌ನಂಥ ಐಷಾರಾಮಿ ಹಡಗುಗಳಲ್ಲಿ ಕ್ರೆಡಿಟ್ ಯಾಕೆ ಬೇಕು? ಅಲ್ಲಿ ಅದು ಸ್ಪಾಗೆ, ಅಂಗಡಿಗೆ, ಪಟ್ಟಿಯಲ್ಲಿಲ್ಲದ ದುಬಾರಿ ವೈನಿಗೆ, ಬಂದರಿನಲ್ಲಿ ಇಳಿದು ಊರು ನೋಡುವ ಟೂರಿಗೆ ಹರಿಯುತ್ತದೆ. ರೀಜೆಂಟ್‌ನಲ್ಲಂತೂ ಹೆಚ್ಚಿನ ಟೂರುಗಳೂ ದರದೊಳಗೇ ಇವೆ. ಹೀಗಾಗಿ ಅಲ್ಲಿ ದೊಡ್ಡ ಕ್ರೆಡಿಟ್ ಸಿಕ್ಕಿತೆಂದು ಹಿಗ್ಗುವವರಿಗೆ ಖರ್ಚು ಮಾಡಲು ಜಾಗ ಹುಡುಕುವುದೇ ಕೆಲಸ.

ಟೂರಿನ ವಿಷಯ ನಮ್ಮ ಕರಾವಳಿಗೂ ತಾಗುತ್ತದೆ. ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗು ಬಂದ ದಿನ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕದ್ರಿಗೆ, ಕುದ್ರೋಳಿಗೆ ಹೋಗುತ್ತಾರೆ. ಕ್ರೆಡಿಟ್ ನಡೆಯುವುದು ಹಡಗಿನವರು ಮಾರುವ ಟೂರಿಗೆ ಮಾತ್ರ. ದಡದಲ್ಲಿ ಕಾಯುವ ಟ್ಯಾಕ್ಸಿಯವನು ಎಷ್ಟೇ ಕಡಿಮೆಗೆ ಬರುತ್ತೇನೆಂದರೂ ಕೀ ಕಾರ್ಡ್ ಅವನಲ್ಲಿ ಓಡುವುದಿಲ್ಲ. ಪುಕ್ಕಟೆ ದುಡ್ಡು ಗಿರಾಕಿಯನ್ನು ಯಾರ ಬಸ್ಸಿಗೆ ಹತ್ತಿಸುತ್ತದೆ ಎಂಬುದನ್ನು ಅವನನ್ನೇ ಕೇಳಬೇಕು.

ಇನ್ನೊಂದು ಬಗೆಯ ಕ್ರೆಡಿಟ್ ಇದೆ, ಮುಂದಿನ ಯಾನಕ್ಕೆಂದು ಕೊಡುವುದು. 2020ರಲ್ಲಿ ಕೋವಿಡ್‌ನಿಂದ ಹಡಗುಗಳು ನಿಂತಾಗ ಹಲವು ಕಂಪನಿಗಳು ದುಡ್ಡು ವಾಪಸ್ ಬೇಡವೆಂದವರಿಗೆ ಕಟ್ಟಿದ್ದರ ಶೇ 125ರಷ್ಟು ಕ್ರೆಡಿಟ್ ಕೊಡುತ್ತೇವೆಂದವು. ನೂರಕ್ಕೆ ಇಪ್ಪತ್ತೈದು ಲಾಭ! ಆದರೆ ಆ ಲಾಭ ನಿಂತಿರುವುದು ಕಂಪನಿ ಬದುಕಿರುತ್ತದೆ ಎಂಬ ನಂಬಿಕೆಯ ಮೇಲೆ. 2022ರ ಜನವರಿಯಲ್ಲಿ ಕ್ರಿಸ್ಟಲ್ ಕ್ರೂಸಸ್‌ನ ಪಾಡೇನಾಯಿತು? ಹಾಂಗ್‌ಕಾಂಗಿನ ಮಾತೃಸಂಸ್ಥೆ ಗೆಂಟಿಂಗ್ ಕುಸಿದಿತ್ತು, ಇಂಧನ ಪೂರೈಸಿದವರಿಗೆ ಬಾಕಿ ಉಳಿದಿತ್ತು. ಮಯಾಮಿಗೆ ಮರಳಬೇಕಿದ್ದ ಕ್ರಿಸ್ಟಲ್ ಸಿಂಫನಿಯನ್ನು ಜಪ್ತಿ ಮಾಡಲು ಅಮೆರಿಕದ ನ್ಯಾಯಾಲಯ ಆದೇಶಿಸಿತು. ಹಡಗು ಮಯಾಮಿಯ ಬದಲು ಬಹಾಮಾಸ್‌ನ ಬಿಮಿನಿಗೆ ತಿರುಗಿತು. ಅದರಲ್ಲಿದ್ದವರನ್ನು ಫೆರಿ ಹತ್ತಿಸಿ ಫ್ಲಾರಿಡಾಕ್ಕೆ ಕಳಿಸಿದರು. ಅವರದು ಒಂದು ದಿನದ ಪರದಾಟ. ಮುಂದಿನ ಯಾನಕ್ಕೆ ದುಡ್ಡು ಕಟ್ಟಿದ್ದವರು, ಕ್ರೆಡಿಟ್ ಇಟ್ಟುಕೊಂಡಿದ್ದವರು ಮಾತ್ರ ಕಂಪನಿಗೆ ಸಾಲ ಕೊಟ್ಟವರ ಜೊತೆ ತಾವೂ ಅರ್ಜಿ ಹಾಕಿ ಕಾಯಬೇಕಾಯಿತು. ಹೊಸ ಒಡೆಯರ ಕೈಯಲ್ಲಿ ಆ ಹಡಗು ಮತ್ತೆ ನೀರಿಗಿಳಿದದ್ದು 2023ರಲ್ಲಿ.

ಹಾಗೆಂದು ಕ್ರೆಡಿಟ್ ಬೇಡ ಎನ್ನುವುದು ಮೂರ್ಖತನ. ಒಂದು ಪದ ಮಾತ್ರ ಹುಡುಕಿ: ರಿಫಂಡಬಲ್. ಆ ಪದವಿದ್ದರೆ ಉಳಿದದ್ದು ವಾಪಸ್ ಬರುತ್ತದೆ. ಇಲ್ಲದಿದ್ದರೆ ಕೊನೆಯ ರಾತ್ರಿಗೆ ಕಂಪನಿಯ ಪಾಲು, ಕ್ಯಾಸಿನೊದಲ್ಲಿಯೂ ಸಾಮಾನ್ಯವಾಗಿ ನಡೆಯದು. ದಿನದ ಟಿಪ್ಸ್ ಬೇರೆಯಾಗಿ ಹಾಕುವ ಹಡಗಾದರೆ, ನಿಯಮ ಬಿಟ್ಟರೆ, ಮೊದಲು ಅದಕ್ಕೇ ಮುರಿಸಿಬಿಡಿ. ಹೇಗೂ ಕೊಡಲೇಬೇಕಾದ ದುಡ್ಡು ಅದು. ಮತ್ತೆ ಬುಕ್ ಮಾಡುವ ಮುನ್ನ ಏಜೆಂಟರ ಬಳಿ ಮೂರು ಪ್ರಶ್ನೆ ಕೇಳಿ: ಇದು ತಲೆಗೋ ಕ್ಯಾಬಿನ್ನಿಗೋ, ರಿಫಂಡಬಲ್ಲೋ ಅಲ್ಲವೋ, ಈ ಕ್ರೆಡಿಟ್ ಬೇಡವೆಂದರೆ ಟಿಕೆಟ್ಟಿನಲ್ಲಿ ಎಷ್ಟು ಇಳಿಸುತ್ತೀರಿ? ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.