ಕಬ್ಬಿಣದಲ್ಲಿ ಬಳ್ಳಿ ಹಬ್ಬಿಸಿದ ಕಮ್ಮಾರ

ಕಬ್ಬಿಣವೆಂದೊಡನೆ ನಮಗೆ ನೇಗಿಲ ಕುಳ, ಕೊಡಲಿಗಳು ನೆನಪಾಗುವವೇ ಹೊರತು ಹೂಬಳ್ಳಿಗಳಲ್ಲ. ಫ್ರಾನ್ಸಿನ ನಾನ್ಸಿ ನಗರದ ಝಾನ್ ಲಾಮೂರ್ (1698–1771) ಈ ಕಠಿಣ ಲೋಹದಲ್ಲಿಯೇ ಲತೆಗಳನ್ನು ಅರಳಿಸಿದನು. ಲೊರೇನ್ ಪ್ರಾಂತದ ದೊರೆ ಸ್ತಾನಿಸ್ಲಾಸನು ಕಟ್ಟಿಸಿ 1755ರಲ್ಲಿ ಉದ್ಘಾಟಿಸಿದ ವಿಶಾಲ ಚೌಕದ ಬಾಗಿಲು, ಜಾಲರಿಗಳು ಆತನವೇ. ಕುಲುಮೆಯಲ್ಲಿ ಕೆಂಪಗೆ ಕಾದ ಸರಳನ್ನು ಸುರುಳಿಯಾಗಿ ಬಾಗಿಸಿ, ತಗಡನ್ನು ಬಡಿದು ಎಲೆಯ ಉಬ್ಬು ಮೂಡಿಸಿ, ಮೇಲೆ ಹೊನ್ನಿನ ಲೇಪ ಕೊಡುವುದು ಆ ಕೆಲಸದ ಕ್ರಮ. ಇಷ್ಟಾದರೂ ಇಂಥವನಿಗೆ ಫ್ರೆಂಚರು ಇಟ್ಟ ಹೆಸರು ಕೇವಲ 'ಬೀಗ ಮಾಡುವವ'!

ಎಷ್ಟೋ ಕಮ್ಮಾರರ ಕೆಲಸ ಉಳಿದು ಹೆಸರು ಅಳಿದಿದೆ. ಲಾಮೂರನಾದರೋ 1767ರ ಸುಮಾರಿಗೆ ತನ್ನ ರಚನೆಗಳ ಚಿತ್ರಗಳನ್ನೇ ಗ್ರಂಥವಾಗಿ ಅಚ್ಚು ಹಾಕಿಸಿದನು; ಜಾಣತನವೆಂದೇ ನಾವು ಭಾವಿಸುತ್ತೇವೆ. ಚೌಕದ ನಡುವಿದ್ದ ಹದಿನೈದನೆಯ ಲೂಯಿಯ ಪ್ರತಿಮೆ ಮಹಾಕ್ರಾಂತಿಯಲ್ಲಿ ಉರುಳಿತು. ಕಮ್ಮಾರನ ಬಾಗಿಲುಗಳು ಇಂದಿಗೂ ನಿಂತಿವೆ. 1983ರಲ್ಲಿ ಯುನೆಸ್ಕೋ ಆ ಚೌಕವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.