ಕುರ್ಚಿಯ ಭಯ ಕರಗಿದ ಬಗೆ

ಒಂದು ಕಾಲದ ಬಹುಪಾಲು ಜನ ಪ್ರಶ್ನಿಸದೆ ಒಪ್ಪಿ ನಡೆಯುವುದನ್ನು ಸಾಮಾಜಿಕ ಧೋರಣೆ ಎನ್ನುತ್ತೇವೆ. ಅದು ಬದಲಾಗುವ ದಾರಿಗಳು ಮುಖ್ಯವಾಗಿ ಮೂರು: ಕಾನೂನು ಬದಲಾಗಬಹುದು, ತಲೆಮಾರು ಬದಲಾಗಬಹುದು, ಇಲ್ಲವೆ ಯಾರಾದರೂ ಎಲ್ಲರ ಕಣ್ಣೆದುರೇ ರೂಢಿ ಮುರಿಯಬಹುದು. ಮೂರನೆಯದನ್ನು ಅರಿಯಲು ಚಾಮರಾಜನಗರದ ಕಥೆಯೇ ಸಾಕು.

‘ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ.’ ದಶಕಗಳ ಕಾಲ ಈ ಮಾತು ಓಡಾಡಿತು. ಹೇಳುವವರ ಬಳಿ ಪಟ್ಟಿಯೂ ಸಿದ್ಧವಿತ್ತು: ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆ ಹುಟ್ಟಿದಾಗ ಕೂಡ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ, ಜಿಲ್ಲಾ ಕೇಂದ್ರದಲ್ಲಲ್ಲ.

ಓದುಗರು ಎಡವುವುದು ಇಲ್ಲಿಯೇ. ಪಟ್ಟಿ ಸುಳ್ಳಲ್ಲ, ಅಪೂರ್ಣ. ಒಂದು ಹಾಳೆಯ ಮೇಲೆ ನಾಲ್ಕು ಖಾನೆ ಬರೆಯಿರಿ: ಬಂದು ಅಧಿಕಾರ ಕಳೆದುಕೊಂಡವರು, ಬಂದೂ ಉಳಿದವರು, ಬಾರದೆ ಕಳೆದುಕೊಂಡವರು, ಬಾರದೆ ಉಳಿದವರು. ನಂಬಿಕೆ ಬದುಕುವುದು ಮೊದಲ ಖಾನೆಯಲ್ಲಿ ಮಾತ್ರ. ಮೂರನೆಯದನ್ನು ತುಂಬಿ ನೋಡಿ. ಪಟ್ಟಣವನ್ನು ದೂರವಿಟ್ಟ ಪಟೇಲರ ಸರ್ಕಾರ 1999ರಲ್ಲಿ ಸೋತಿತು. ಮುಖ್ಯಮಂತ್ರಿಯಾಗಿದ್ದಾಗ ಜಿಲ್ಲಾ ಕೇಂದ್ರಕ್ಕೆ ಬಾರದ ಬಿ.ಎಸ್. ಯಡಿಯೂರಪ್ಪನವರು 2011ರಲ್ಲೂ 2021ರಲ್ಲೂ ರಾಜೀನಾಮೆ ಕೊಟ್ಟರು. ಅರಸು ಅವರ 1972ರ ಅವಧಿಯ ನಂತರ ಸುಮಾರು ನಾಲ್ಕು ದಶಕ ಯಾವ ಮುಖ್ಯಮಂತ್ರಿಯೂ ಒಂದೇ ಅವಧಿಯಲ್ಲಿ ಪೂರ್ಣ ಐದು ವರ್ಷ ಮುಗಿಸಲಿಲ್ಲ. ಎಲ್ಲರೂ ಬೀಳುವ ರಾಜ್ಯದಲ್ಲಿ ಬಂದವರೂ ಬಿದ್ದರು ಎಂಬುದು ಯಾವುದಕ್ಕೂ ಪುರಾವೆಯಲ್ಲ.

ಬಿದ್ದವರಿಗೆ ಬೇರೆ ಕಾರಣಗಳೂ ಇದ್ದವು. ಹೆಗಡೆಯವರು 1988ರಲ್ಲಿ ದೂರವಾಣಿ ಕದ್ದಾಲಿಕೆ ವಿವಾದದಲ್ಲಿ ಹೋದರು. 1989ರಲ್ಲಿ ಬೊಮ್ಮಾಯಿಯವರಿಗೆ ಸದನದಲ್ಲಿ ಬಹುಮತ ತೋರಿಸುವ ಅವಕಾಶವನ್ನೇ ಕೊಡದೆ ಸರ್ಕಾರವನ್ನು ವಜಾ ಮಾಡಲಾಯಿತು. ಆ ಪ್ರಕರಣದ 1994ರ ಸುಪ್ರೀಂ ಕೋರ್ಟ್ ತೀರ್ಪು ಇಡೀ ದೇಶದ ರಾಜಕೀಯವನ್ನೇ ತಿದ್ದಿತು. ಇಷ್ಟು ದೊಡ್ಡ ಸಂವಿಧಾನದ ಪಾಠವನ್ನು ಒಂದು ಊರಿನ ಅಪಶಕುನಕ್ಕೆ ಕಟ್ಟಿಹಾಕಿದ್ದೆವಲ್ಲ!

ಹಾಗಿದ್ದರೂ ನಂಬಿಕೆ ಏಕೆ ಉಳಿಯಿತು? ನನಗೆ ಅತ್ಯಂತ ಪ್ರಿಯವಾದ ಒಳಗುಟ್ಟು ಇದು: ನಂಬಿಕೆ ಉಳಿಯಲು ಯಾರೂ ಅದನ್ನು ಗಟ್ಟಿಯಾಗಿ ನಂಬಬೇಕಿಲ್ಲ, ಉಳಿದವರು ನಂಬುತ್ತಾರೆ ಎಂದು ಪ್ರತಿಯೊಬ್ಬರೂ ಊಹಿಸಿದರೆ ಸಾಕು. ‘ನನಗೇನೂ ಭಯವಿಲ್ಲ, ಆದರೆ ನಾಳೆ ಏನಾದರೂ ಆದರೆ ಜನ ಏನೆನ್ನುತ್ತಾರೆ?’ ಎಂದು ಒಬ್ಬರು ದೂರ ಉಳಿದರೆ, ಮುಂದಿನವರಿಗೆ ಅದೇ ಸಾಕ್ಷಿ. ಜಾತಿ, ಮದುವೆ, ಹೆಣ್ಣುಮಕ್ಕಳ ಓದಿನ ವಿಷಯದಲ್ಲೂ ಎಷ್ಟೋ ಕಟ್ಟುಪಾಡು ಉಳಿದಿರುವುದು ಹೀಗೆಯೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ಇದು ಇಲ್ಲಿನ ಜನರ ಮೌಢ್ಯವಲ್ಲ, ವಿಧಾನಸೌಧದ ಮೌಢ್ಯ. ಪಕ್ಕದ ಗುಂಡ್ಲುಪೇಟೆಯ ಮತದಾರರು ಕೆ.ಎಸ್. ನಾಗರತ್ನಮ್ಮನವರನ್ನು 1957ರಿಂದ ಮೊದಲುಗೊಂಡು ಏಳು ಬಾರಿ ವಿಧಾನಸಭೆಗೆ ಕಳಿಸಿದರು. 1972ರಲ್ಲಿ ಅವರು ರಾಜ್ಯದ ಮೊದಲ ಮಹಿಳಾ ಸಭಾಧ್ಯಕ್ಷೆಯಾದರು. ಇಂಥ ಸೀಮೆಗೆ ಕಳಂಕ ಅಂಟಿಸಿದ್ದು ಅಧಿಕಾರದ ಭಯ. ಅದರ ಬೆಲೆ ತೆತ್ತವರು ಮಾತ್ರ ಇಲ್ಲಿನವರು: ತಮ್ಮ ಮುಖ್ಯಮಂತ್ರಿಗೆ ತಮ್ಮ ಊರಿನಲ್ಲೇ ಅಹವಾಲು ಹೇಳಿಕೊಳ್ಳುವ ಹಕ್ಕು ಅವರಿಗೆ ಸಿಗಲಿಲ್ಲ.

2013ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಾಮರಾಜನಗರಕ್ಕೆ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು. 2018ರಲ್ಲಿ ಅವರ ಪಕ್ಷ ಬಹುಮತ ಕಳೆದುಕೊಂಡಿತಲ್ಲ ಎನ್ನುವವರಿಗೆ ಉತ್ತರ, 2023ರಲ್ಲಿ ಅವರೇ ಮತ್ತೆ ಮುಖ್ಯಮಂತ್ರಿಯಾದರು. ಈ ನಡುವೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೂ 2022ರಲ್ಲಿ ಬಂದರು. ಅವರ 2023ರ ಸೋಲು ಮೊದಲ ಖಾನೆಗೇ ಸೇರಲಿ, ಲೆಕ್ಕ ಪ್ರಾಮಾಣಿಕವಾಗಿರಬೇಕು. ಯಾವ ಕಾನೂನೂ ಈ ಭಯವನ್ನು ರದ್ದು ಮಾಡಲಿಲ್ಲ, ಬಹಿರಂಗವಾಗಿ ಇಟ್ಟ ಹೆಜ್ಜೆ ಮಾಡಿತು.

ಈ ಬದಲಾವಣೆಯನ್ನು ದಾಖಲಿಸುವ ಕೆಲಸ ಬಾಕಿಯಿದೆ. ಚಾಮರಾಜನಗರ ಜಿಲ್ಲೆಯ ಉಡಿಗಾಲದಂಥ ಊರುಗಳ ವಿದ್ಯಾರ್ಥಿಗಳು ಅಜ್ಜ ಅಜ್ಜಿಯರನ್ನು ಕೇಳಲಿ: ಈ ಮಾತು ಮೊದಲು ಯಾರಿಂದ ಕಿವಿಗೆ ಬಿತ್ತು, ನೀವು ನಂಬಿದಿರಾ, ಬೇರೆಯವರು ನಂಬಿದ್ದಾರೆಂದು ಮಾತ್ರ ತಿಳಿದಿದ್ದಿರಾ? ಉತ್ತರಗಳನ್ನು ಬರೆದಿಡಿ, ನಾಲ್ಕೂ ಖಾನೆಗಳನ್ನು ತುಂಬಿ. ಆಮೇಲೆ ಅದೇ ಹಾಳೆಯನ್ನು ನಿಮ್ಮ ಮನೆಯ ಇನ್ನೊಂದು ನಂಬಿಕೆಯ ಮುಂದೆ ಇಡಿ.