ಬಿಡಿಭಾಗದ ಹುಡುಕಾಟದಿಂದ ಬಂದ ಮರುಹುಟ್ಟು: ಅನಲಾಗ್ ಸಿಂಥಸೈಸರ್‌ನ ಕಥೆ

ಮರ, ಚರ್ಮ, ಬಿದಿರು, ಲೋಹದ ತಂತಿಗಳಿಂದಾದ ವಾದ್ಯವೊಂದು ಕೆಟ್ಟರೆ ಅದನ್ನು ಸರಿಪಡಿಸಲು ಬೇಕಾದ ಸಾಮಗ್ರಿ ಎಲ್ಲಾದರೊಂದು ಕಡೆ ಸಿಕ್ಕೇ ಸಿಗುತ್ತದೆ. ಮುತ್ತಜ್ಜನ ಕಾಲದ ವೀಣೆಗೆ ಇಂದಿನ ತಂತಿಯನ್ನು ಕಟ್ಟಬಹುದು, ಹಳೆಯ ಮೃದಂಗಕ್ಕೆ ಹೊಸ ಚರ್ಮ ಹಾಕಿಸಬಹುದು. ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ಸಿಂಥಸೈಸರ್‌ಗೆ ಈ ಅನುಕೂಲವಿಲ್ಲ. 1980ರಲ್ಲಿ ತಯಾರಾದ ವಾದ್ಯದೊಳಗಿನ ಎರಡು ಸೆಂಟಿಮೀಟರ್ ಉದ್ದದ ಚಿಪ್ ಒಂದು ಸತ್ತರೆ, ಮತ್ತು ಅಂಥ ಚಿಪ್ಪನ್ನು ಯಾವ ಕಾರ್ಖಾನೆಯೂ ತಯಾರಿಸದೆ ಹೋದರೆ, ಎಷ್ಟೇ ನುರಿತ ರಿಪೇರಿಗಾರನಿದ್ದರೂ ಆ ವಾದ್ಯದ ಒಂದು ಕಂಠ ಮೂಕವಾಗಿಯೇ ಉಳಿಯುತ್ತದೆ. ಕಳೆದ ಒಂದೂವರೆ ದಶಕದಲ್ಲಿ ಅನಲಾಗ್ ಸಿಂಥಸೈಸರ್‌ಗಳು, ಅಂದರೆ ಅಂಕಿಗಳ ಲೆಕ್ಕದಿಂದಲ್ಲದೆ ನೇರವಾಗಿ ವಿದ್ಯುತ್ ಕಂಪನದಿಂದಲೇ ನಾದ ಹುಟ್ಟಿಸುವಂಥವು, ಮತ್ತೆ ಕಾರ್ಖಾನೆಗಳಿಂದ ಹೊರಬರತೊಡಗಿದ್ದಕ್ಕೆ ಹಳತಿನ ಮೇಲಿನ ಮೋಹವೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ಮೋಹ ಇದ್ದದ್ದು ನಿಜ; ಆದರೆ ಮೋಹ ಹಳೆಯ ವಾದ್ಯಗಳ ಬೆಲೆಯನ್ನು ಏರಿಸಬಲ್ಲದೇ ಹೊರತು ಹೊಸ ವಾದ್ಯವನ್ನು ಕಟ್ಟಲಾರದು. ಕಟ್ಟಲು ಬೇಕಾದದ್ದು ಬಿಡಿಭಾಗ, ಮತ್ತು ಆ ಬಿಡಿಭಾಗಕ್ಕೆ ಬೇಡಿಕೆಯನ್ನು ವರ್ಷಗಟ್ಟಲೆ ಜೀವಂತವಾಗಿಟ್ಟವರಲ್ಲಿ ಹಳೆಯ ವಾದ್ಯಗಳ ರಿಪೇರಿಗಾರರ ಪಾಲು ದೊಡ್ಡದು.

ಈ ವಾದ್ಯದ ಆಧುನಿಕ ರೂಪವನ್ನು ನಿರ್ಣಯಿಸಿದವರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಪ್ರಮುಖರು. ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಜೊತೆಗೂಡಿ ರೂಪಿಸಿದ ಘಟಕಗಳನ್ನು ಅವರು 1964ರ ಅಕ್ಟೋಬರ್‌ನಲ್ಲಿ ಧ್ವನಿ ಎಂಜಿನಿಯರುಗಳ ಸಮಾವೇಶದಲ್ಲಿ ಪ್ರದರ್ಶಿಸಿದರು. ನಿರಂತರ ಕಂಪನವನ್ನು ಹುಟ್ಟಿಸಿ ಸ್ವರದ ಎತ್ತರವನ್ನು ನಿರ್ಧರಿಸುವ ಆಸಿಲೇಟರ್, ಆ ಕಂಪನದೊಳಗಿನ ಉಪಸ್ವರಗಳಲ್ಲಿ ಕೆಲವನ್ನು ಸೋಸಿ ನಾದದ ಬಣ್ಣವನ್ನು ಬದಲಿಸುವ ಫಿಲ್ಟರ್, ನಾದದ ಏರಿಳಿತವನ್ನು ನಿಯಂತ್ರಿಸುವ ಆಂಪ್ಲಿಫೈಯರ್ ಎಂಬ ಮೂರು ಅಂಗಗಳನ್ನೂ ಒಂದೇ ಬಗೆಯ ಆಜ್ಞೆಗೆ, ಅಂದರೆ ವಿದ್ಯುತ್ ವೋಲ್ಟೇಜಿಗೆ, ಮಣಿಯುವಂತೆ ಮಾಡಿದ್ದೇ ಅವರ ಸಾಧನೆ. ಒಂದು ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು ಎಂಬ ಅವರ ನಿಯಮ ಇಂದಿಗೂ ಬಹುಪಾಲು ಅನಲಾಗ್ ವಾದ್ಯಗಳಲ್ಲಿ ನಡೆಯುತ್ತಿದೆ. ಅವರ ಕಂಪನಿಯ, ಬಿಡಿ ಘಟಕಗಳನ್ನು ಜೋಡಿಸಿ ಕಟ್ಟುವ ಬೃಹತ್ ಮಾಡ್ಯುಲರ್ ವಾದ್ಯವೊಂದು 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿಳಿದು, ಸಂಗೀತ ಸಂಯೋಜಕ ಡೇವಿಡ್ ಟ್ಯೂಡರ್ ಅದನ್ನು ಸಜ್ಜುಗೊಳಿಸಿದ ಮೇಲೆ ಸಂಗೀತಗಾರ್ತಿ ಗೀತಾ ಸಾರಾಭಾಯಿ ಮತ್ತಿತರರು ಅದರಲ್ಲಿ ಪ್ರಯೋಗಗಳನ್ನು ನಡೆಸಿದರೆಂಬುದು ಭಾರತದ ಸಂಗೀತ ಚರಿತ್ರೆಯ ಅಷ್ಟಾಗಿ ಓದದ ಪುಟ. ಆ ಪೀಳಿಗೆಯ ವಾದ್ಯಗಳ ಒಳಗೆ ಇದ್ದವು ಬಿಡಿಬಿಡಿಯಾದ ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಪ್ಯಾಸಿಟರುಗಳು. ಹಾಗಾಗಿಯೇ ಅವು, ವಯಸ್ಸಿನಲ್ಲಿ ಹಿರಿಯವಾಗಿದ್ದರೂ, ಮುಂದೆ ಬಂದ ವಾದ್ಯಗಳಿಗಿಂತ ರಿಪೇರಿಗೆ ಸುಲಭವಾಗಿ ಒಗ್ಗುತ್ತವೆ.

ಒಗ್ಗದೆ ಕಾಡಿದ್ದು ಶ್ರುತಿ. ವೋಲ್ಟೇಜು ಸಮಸಮನಾಗಿ ಏರಿದಂತೆ ಕಂಪನದ ವೇಗ ಇಮ್ಮಡಿ, ನಾಲ್ಮಡಿ, ಎಂಟ್ಮಡಿಯಾಗಿ ಏರಬೇಕಾದದ್ದರಿಂದ, ಆ ಗುಣವನ್ನು ಸಹಜವಾಗಿಯೇ ಪಡೆದಿರುವ ಟ್ರಾನ್ಸಿಸ್ಟರನ್ನು ಎಂಜಿನಿಯರುಗಳು ಆರಿಸಿಕೊಂಡರು: ಅದಕ್ಕೆ ಕೊಡುವ ವೋಲ್ಟೇಜು ಸುಮಾರು 18 ಮಿಲಿವೋಲ್ಟ್ ಹೆಚ್ಚಿದಾಗಲೆಲ್ಲ ಅದರೊಳಗೆ ಹರಿಯುವ ವಿದ್ಯುತ್ತು ಇಮ್ಮಡಿಯಾಗುತ್ತದೆ. ತೊಂದರೆ ಏನೆಂದರೆ ಆ 18 ಮಿಲಿವೋಲ್ಟ್ ಎಂಬುದು ಸ್ಥಿರ ಸಂಖ್ಯೆಯಲ್ಲ. ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ 0.33ರಷ್ಟು ಬದಲಾಗುತ್ತದೆ. ಯಾವ ಪರಿಹಾರವನ್ನೂ ಅಳವಡಿಸದ ಆಸಿಲೇಟರ್ ಹತ್ತು ಡಿಗ್ರಿ ಬಿಸಿಯಾದರೆ, ಮೂರು ಸ್ಥಾಯಿ ಅಂತರದ ಎರಡು ಸ್ವರಗಳ ನಡುವೆ ಒಂದು ಅರೆಸ್ವರಕ್ಕೂ ಮಿಕ್ಕ ಅಪಶ್ರುತಿ ನುಸುಳುತ್ತದೆ. ಒಮ್ಮೆಗೆ ಒಂದೇ ಸ್ವರ ನುಡಿಸುವ ವಾದ್ಯದಲ್ಲಿ, ಉದಾಹರಣೆಗೆ 1970ರ ಮಿನಿಮೂಗ್‌ನಲ್ಲಿ, ವಾದಕನೇ ಆಗಾಗ ಗುಂಡಿ ತಿರುಗಿಸಿ ಶ್ರುತಿ ಕೂಡಿಸಿಕೊಳ್ಳಬಹುದಾಗಿತ್ತು. ಹತ್ತಾರು ಆಸಿಲೇಟರುಗಳು ಒಟ್ಟಿಗೆ ನುಡಿಯಬೇಕಾದಾಗ ಆ ಉಪಾಯ ನಡೆಯುವಂತಿರಲಿಲ್ಲ.

ಒಂದೇ ಹೊತ್ತಿಗೆ ಹಲವು ಸ್ವರ ನುಡಿಸುವ ವಾದ್ಯಕ್ಕೆ ಅಷ್ಟೇ ಸಂಖ್ಯೆಯ ಪೂರ್ಣ ಸಿಂಥಸೈಸರುಗಳು, ಅಂದರೆ ಕಂಠಗಳು, ಒಂದೇ ಪೆಟ್ಟಿಗೆಯೊಳಗೆ ಇರಬೇಕು. 1977ರಲ್ಲಿ ಬಂದ ಯಮಾಹಾ ಸಿಎಸ್-80 ಎಂಟು ಕಂಠಗಳ ವಾದ್ಯ. ವ್ಯಾಂಜೆಲಿಸ್ ‘ಬ್ಲೇಡ್ ರನ್ನರ್’ ಚಿತ್ರದ ಸಂಗೀತಕ್ಕೆ ಬಳಸಿದ ಈ ವಾದ್ಯವನ್ನು ಒಬ್ಬನೇ ಎತ್ತುವ ಪ್ರಶ್ನೆಯೇ ಇರಲಿಲ್ಲ, ಅದರ ತೂಕ ಸುಮಾರು 100 ಕಿಲೊ. ಕ್ಯಾಲಿಫೋರ್ನಿಯಾದ ಡೇವ್ ರಾಸಮ್ ಬೇರೆ ದಾರಿ ಹಿಡಿದರು. ಇ-ಮ್ಯೂ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಅವರು ರಾನ್ ಡೌ ಜೊತೆ ಸೇರಿ, ಇಡೀ ಆಸಿಲೇಟರ್ ಅಥವಾ ಇಡೀ ಫಿಲ್ಟರನ್ನು ಒಂದೊಂದು ಚಿಪ್‌ನೊಳಗೆ ಅಡಕಗೊಳಿಸಿದ ಎಸ್‌ಎಸ್‌ಎಂ ಸರಣಿಯನ್ನು ವಿನ್ಯಾಸ ಮಾಡಿದರು. ಈ ಚಿಪ್‌ಗಳ ಮೇಲೆ ಡೇವ್ ಸ್ಮಿತ್ ಅವರ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಕಂಪನಿ ಪ್ರಾಫೆಟ್-5 ವಾದ್ಯವನ್ನು ಕಟ್ಟಿ 1978ರ ಜನವರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಐದು ಕಂಠಗಳು, ಕಂಠಕ್ಕೆ ಎರಡರಂತೆ ಹತ್ತು ಆಸಿಲೇಟರುಗಳು, ಮತ್ತು ಇವೆಲ್ಲದರ ಮೇಲ್ವಿಚಾರಣೆಗೆ ಝಡ್-80 ಎಂಬ ಮೈಕ್ರೊಪ್ರೊಸೆಸರ್. ಆವರೆಗೆ ಹೆಚ್ಚಿನ ವಾದ್ಯಗಳಲ್ಲಿ ವಾದಕನು ಗುಂಡಿಗಳನ್ನು ತಿರುಗಿಸಿ ಕಂಡುಕೊಂಡ ನಾದವನ್ನು ಮತ್ತೆ ಪಡೆಯಲು ಪ್ರತಿ ಗುಂಡಿಯ ಸ್ಥಾನವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕಿತ್ತು. ಪ್ರಾಫೆಟ್-5 ಅಂಥ 40 ನಾದಗಳನ್ನು ತಾನೇ ನೆನಪಿಟ್ಟುಕೊಂಡಿತು. ಅಷ್ಟೇ ಮುಖ್ಯವಾಗಿ, ಒಂದು ಗುಂಡಿ ಒತ್ತಿದರೆ ಅದರ ಪ್ರೊಸೆಸರ್ ಹತ್ತೂ ಆಸಿಲೇಟರುಗಳ ಶ್ರುತಿಯನ್ನು ಅಳೆದು ತಪ್ಪನ್ನು ತಿದ್ದುತ್ತಿತ್ತು.

ಮೊದಲ ಆವೃತ್ತಿಯ 182 ವಾದ್ಯಗಳು ಮಾತ್ರ ತಯಾರಾದವು. ಎಸ್‌ಎಸ್‌ಎಂ ಚಿಪ್‌ಗಳ ಸ್ಥಿರತೆಯ ಬಗ್ಗೆ ತೃಪ್ತಿಯಿಲ್ಲದ ಸ್ಮಿತ್ 1980ರಲ್ಲಿ ಬಂದ ಮೂರನೆಯ ಆವೃತ್ತಿಗೆ ಡಗ್ ಕರ್ಟಿಸ್ ಎಂಬ ವಿನ್ಯಾಸಕಾರರ ಚಿಪ್‌ಗಳನ್ನು ಆರಿಸಿಕೊಂಡರು. ಕರ್ಟಿಸ್ ತಮ್ಮದೇ ಸಣ್ಣ ಕಂಪನಿಯಿಂದ ಹೊರತಂದ ಸಿಇಎಂ-3340 ಎಂಬ 16 ಕಾಲುಗಳ ಆಸಿಲೇಟರ್ ಚಿಪ್, ಮೇಲೆ ವಿವರಿಸಿದ ಉಷ್ಣತೆಯ ದೋಷವನ್ನು ತನ್ನೊಳಗೇ ಸರಿದೂಗಿಸಿಕೊಳ್ಳುತ್ತಿದ್ದುದರಿಂದ, ಕೆಲವೇ ವರ್ಷಗಳಲ್ಲಿ ಪರಸ್ಪರ ಪೈಪೋಟಿಗಿಳಿದ ಹಲವು ಕಂಪನಿಗಳು ಅದನ್ನೇ ಕೊಳ್ಳತೊಡಗಿದವು. ಒಬರ್‌ಹೈಮ್‌ನ ಎಂಟು ಕಂಠದ ಒಬಿ-ಎಕ್ಸ್‌ಎಯಲ್ಲಿ 16, ಮೂಗ್ ಕಂಪನಿಯ ಆರು ಕಂಠದ ಮೆಮೊರಿಮೂಗ್‌ನಲ್ಲಿ 18, ರೋಲೆಂಡ್‌ನ ಅಗ್ಗದ ಎಸ್‌ಎಚ್-101ರಲ್ಲಿ ಒಂದು. ಆ ದಶಕದ ಆರಂಭದ ಪಾಪ್ ಸಂಗೀತದಲ್ಲಿ ಬೇರೆಬೇರೆ ಹೆಸರಿನ ವಾದ್ಯಗಳಿಂದ ಕೇಳಿಬಂದ ನಾದದ ದೊಡ್ಡ ಪಾಲು ಹೀಗೆ ಒಂದೇ ಚಿಪ್‌ನಲ್ಲಿ ಹುಟ್ಟಿದ್ದು ಎಂಬುದನ್ನು ವಾದ್ಯಗಳ ನಡುವಿನ ವ್ಯತ್ಯಾಸವನ್ನು ಭಕ್ತಿಯಿಂದ ವರ್ಣಿಸುವವರು ಸುಲಭವಾಗಿ ಮರೆಯುತ್ತಾರೆ.

ಕುಸಿತವೂ ಅಷ್ಟೇ ಬೇಗ ಬಂತು. ಒಂದು ಕಂಪನದ ವೇಗವನ್ನು ಇನ್ನೊಂದು ಕಂಪನದಿಂದ ಅತಿ ಶೀಘ್ರವಾಗಿ ಏರಿಳಿಸಿದರೆ ಸಂಕೀರ್ಣವಾದ ಹೊಸ ನಾದ ಹುಟ್ಟುತ್ತದೆಂದು ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡಿದ್ದರು. ಎಫ್‌ಎಂ ಎಂದು ಹೆಸರಾದ ಆ ವಿಧಾನವನ್ನು ಕೇವಲ ಅಂಕಿಗಳ ಲೆಕ್ಕಾಚಾರದಿಂದ ನಡೆಸುವ ಯಮಾಹಾ ಡಿಎಕ್ಸ್-7, 1983ರಲ್ಲಿ 16 ಕಂಠಗಳೊಂದಿಗೆ ಬಂದು ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರ ಶ್ರುತಿ ಬಿಸಿಗೂ ಚಳಿಗೂ ಕದಲುತ್ತಿರಲಿಲ್ಲ. ಬೇರೆಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಸಂವಹಿಸುವ ಮಿಡಿ ಎಂಬ ವ್ಯವಸ್ಥೆಯನ್ನು ರೋಲೆಂಡ್‌ನ ಇಕುತಾರೊ ಕಾಕೆಹಾಶಿ ಜೊತೆಗೂಡಿ ಅದೇ ವರ್ಷ ಜಗತ್ತಿಗೆ ಕೊಟ್ಟ ಸ್ಮಿತ್, 1987ರ ಹೊತ್ತಿಗೆ ತಮ್ಮ ಕಂಪನಿಯನ್ನೇ ಉಳಿಸಿಕೊಳ್ಳಲಾಗದೆ ಅದನ್ನು ಯಮಾಹಾಕ್ಕೆ ಒಪ್ಪಿಸಬೇಕಾಯಿತು. ಕೊಳ್ಳುವವರಿಲ್ಲದ ಸಿಇಎಂ-3340ರ ತಯಾರಿಕೆಯೂ ನಿಂತಿತು. ಬಿಡಿಭಾಗವೇ ವಾದ್ಯದ ಆಯುಸ್ಸನ್ನು ನಿರ್ಧರಿಸುವುದಕ್ಕೆ ಇನ್ನೂ ವಿಚಿತ್ರವಾದ ನಿದರ್ಶನ ರೋಲೆಂಡ್‌ನ ಟಿಆರ್-808 ತಾಳಯಂತ್ರ. ಅದರ ವಿಶಿಷ್ಟವಾದ ಸೂಸುಸದ್ದಿಗೆ ಕಾರಣವಾಗಿದ್ದದ್ದು ತಯಾರಕರು ದೋಷಯುಕ್ತವೆಂದು ಬದಿಗಿರಿಸಿದ ಟ್ರಾನ್ಸಿಸ್ಟರುಗಳು. ಅರೆವಾಹಕ ಉದ್ಯಮ ಸುಧಾರಿಸಿ ಅಂಥ ದೋಷವೇ ಅಪರೂಪವಾದಾಗ 808ರ ತಯಾರಿಕೆಯನ್ನು 1983ರಲ್ಲಿ ನಿಲ್ಲಿಸಬೇಕಾಯಿತೆಂದು ಕಾಕೆಹಾಶಿಯವರೇ ಹೇಳಿದ್ದಾರೆ.

ಮೂಲೆಗೆ ಸರಿದ ಈ ವಾದ್ಯಗಳನ್ನು ಸಂಗೀತಗಾರರು ಮತ್ತೆ ಹುಡುಕತೊಡಗಿದಾಗ ಅವುಗಳ ಮೈಯಲ್ಲಿ ವಯಸ್ಸಿನ ರೋಗಗಳು ಕಾಣಿಸಿಕೊಂಡಿದ್ದವು. ಅನುಭವಿ ರಿಪೇರಿಗಾರ ಹಳೆಯ ವಾದ್ಯವನ್ನು ಬಂದ ಕೂಡಲೇ ಸ್ವಿಚ್ ಹಾಕಿ ಪರೀಕ್ಷಿಸುವುದಿಲ್ಲ. ಮೊದಲು ನೋಡುವುದು ಅದರ ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟಿನದೆಂದು. ಜಪಾನಿನ ಮನೆಬಳಕೆಗಾಗಿ ತಯಾರಾದದ್ದು 100 ವೋಲ್ಟಿನದಾಗಿರುವುದರಿಂದ, ಅಲ್ಲಿಂದ ತರಿಸಿಕೊಂಡ ವಾದ್ಯವನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ರಿಪೇರಿಯ ಅಗತ್ಯವೇ ಮುಗಿದುಹೋಗುತ್ತದೆ. ಬಳಿಕ ವಿದ್ಯುತ್ ಪೂರೈಸುವ ಭಾಗದ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ ಸರದಿ: ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗಿ, ನಯವಾಗಿ ಹರಿಯಬೇಕಾದ ವಿದ್ಯುತ್ತಿನಲ್ಲಿ ಗುಂಯ್‌ಗುಡುವಿಕೆ ಸೇರಿಕೊಂಡಿರುತ್ತದೆ. ನೆನಪಿನ ಶಕ್ತಿ ಪಡೆದ ವಾದ್ಯಗಳಿಗೆ ಆ ನೆನಪನ್ನು ಕಾಯುವ ಬ್ಯಾಟರಿಯೇ ಶತ್ರು. 1981ರ ಕೊರ್ಗ್ ಪಾಲಿಸಿಕ್ಸ್‌ನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಅದರ ಕ್ಷಾರ ಸರ್ಕಿಟ್ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುವುದು ಎಷ್ಟು ಸಾಮಾನ್ಯವೆಂದರೆ, ಆ ಬೋರ್ಡಿನ ಕೆಎಲ್‌ಎಂ-367 ಎಂಬ ಸಂಖ್ಯೆ ರಿಪೇರಿಗಾರರಿಗೆ ಬಾಯಿಪಾಠ. ಕ್ಷಾರವನ್ನು ತೊಳೆದು, ತುಂಡಾದ ಗೆರೆಗಳ ಜಾಗದಲ್ಲಿ ಕೂದಲೆಳೆಯಂಥ ತಂತಿಗಳನ್ನು ಒಂದೊಂದಾಗಿ ಬೆಸೆಯಬೇಕು. 1984ರ ರೋಲೆಂಡ್ ಜೂನೊ-106ರ ಕಾಯಿಲೆ ಬೇರೆಯೇ. ಅದರ ಆರು ಕಂಠಗಳ ಫಿಲ್ಟರ್ ಮತ್ತು ಆಂಪ್ಲಿಫೈಯರುಗಳನ್ನು ಹೊತ್ತ 80017ಎ ಎಂಬ ಘಟಕಗಳಿಗೆ ರಕ್ಷಣೆಗೆಂದು ಸುರಿದಿದ್ದ ಕಪ್ಪು ರಾಳವೇ ಕಾಲಾಂತರದಲ್ಲಿ ವಿದ್ಯುತ್ ಸೋರಿಕೆಗೆ ದಾರಿಯಾಗಿ, ಕಂಠಗಳು ಸಿಡಿಗುಟ್ಟುತ್ತ ಕೊನೆಗೆ ಅಡಗುತ್ತವೆ. ಘಟಕವನ್ನು ಬಿಚ್ಚಿ ಅಸಿಟೋನ್‌ನಲ್ಲಿ ನೆನೆಸಿಟ್ಟು, ಮೆತ್ತಗಾದ ರಾಳವನ್ನು ಸುಲಿದು ತೆಗೆದರೆ ಎಷ್ಟೋ ಬಾರಿ ಕಂಠ ಮರಳುತ್ತದೆ.

ಇವೆಲ್ಲ ತಾಳ್ಮೆಯಿದ್ದರೆ ಗೆಲ್ಲಬಹುದಾದ ರೋಗಗಳು. ಚಿಪ್ ಸತ್ತರೆ ಮಾತ್ರ ತಾಳ್ಮೆಗೆ ಬೆಲೆಯಿರಲಿಲ್ಲ. ಒಂದು ಬೆಲೆಬಾಳುವ ವಾದ್ಯ ಬದುಕಲಿ ಎಂದು ಅದೇ ಚಿಪ್ ಇರುವ ಅಗ್ಗದ ವಾದ್ಯವನ್ನು ಬಿಚ್ಚಿ ಬಲಿಕೊಡುವ ಪದ್ಧತಿ ಬೆಳೆಯಿತು. ಗೋದಾಮುಗಳಲ್ಲಿ ಉಳಿದಿದ್ದ ಹಳೆಯ ದಾಸ್ತಾನಿನ ಬೆಲೆ ವರ್ಷದಿಂದ ವರ್ಷಕ್ಕೆ ಏರಿತು. ಈ ಕೊರತೆ ಹೊಸ ವಾದ್ಯ ಕಟ್ಟುವವರನ್ನೂ ಬಾಧಿಸುತ್ತಿತ್ತು. ಜರ್ಮನಿಯ ಡೀಟರ್ ಡೋಪ್‌ಫರ್ 1990ರ ದಶಕದ ಮಧ್ಯದಲ್ಲಿ ಎ-100 ಎಂಬ ಮಾಡ್ಯುಲರ್ ವ್ಯವಸ್ಥೆಯನ್ನು ಆರಂಭಿಸಿದಾಗ ಅದರ ಅಳತೆಗಳೇ ಮುಂದೆ ಯೂರೊರ‍್ಯಾಕ್ ಎಂಬ ಸರ್ವಮಾನ್ಯ ಮಾದರಿಯಾದವು. ಆ ವ್ಯವಸ್ಥೆಯ ಆಸಿಲೇಟರ್‌ಗಳಲ್ಲೊಂದು ಹಳೆಯ ಸಿಇಎಂ-3340ನ್ನು ನೆಚ್ಚಿಕೊಂಡಿದ್ದು, ಚಿಪ್ ಸಿಗದಾದಾಗ ಅದನ್ನು ಕೈಬಿಡಬೇಕಾಯಿತು. ಸ್ಮಿತ್ 2002ರಲ್ಲಿ ಹೊಸ ಕಂಪನಿ ತೆರೆದು ಮರಳಿ ಅನಲಾಗ್ ಕಂಠಗಳ ಪ್ರಾಫೆಟ್ ’08 ವಾದ್ಯವನ್ನು ಹೊರತಂದಾಗಲೂ ಕರ್ಟಿಸ್ ಚಿಪ್‌ಗಳನ್ನೇ ಅವಲಂಬಿಸಿದರು. ಕರ್ಟಿಸ್ 2007ರಲ್ಲೇ ತೀರಿಕೊಂಡಿದ್ದರು.

ಕರ್ಟಿಸ್ ಅವರ ಕಂಪನಿ 2016ರಲ್ಲಿ ಸಿಇಎಂ-3340ನ್ನು ಮತ್ತೆ ತಯಾರಿಸಿ ಮಾರುಕಟ್ಟೆಗೆ ಬಿಟ್ಟದ್ದು ಈ ಕಥೆಯ ನಿಜವಾದ ತಿರುವು. ಪೇಟೆಂಟಿನ ಅವಧಿ ಹಿಂದೆಯೇ ಮುಗಿದಿದ್ದರಿಂದ ಲಾಟ್ವಿಯಾದ ರೀಗಾ ನಗರದ ಅಲ್ಫಾ ಕಾರ್ಖಾನೆ ಎಎಸ್-3340 ಎಂದೂ, ಕೂಲ್ ಆಡಿಯೊ ಕಂಪನಿ ವಿ-3340 ಎಂದೂ ಅದೇ ವಿನ್ಯಾಸದ ಚಿಪ್‌ಗಳನ್ನು ತಯಾರಿಸಿದವು. ಹಳೆಯ ಸಾಕೆಟ್ಟಿಗೆ ಹೊಸ ಚಿಪ್ ಸಿಕ್ಕಿಸಿ, ಬೋರ್ಡಿನ ಪುಟ್ಟ ತಿರುಗುಮೊಳೆಗಳಿಂದ ಶ್ರುತಿ ಹೊಂದಿಸಿದರೆ ಮೆಮೊರಿಮೂಗ್ ಮತ್ತೆ ನುಡಿಯುತ್ತದೆ. ಅದೇ ಚಿಪ್ಪನ್ನು ಸಾವಿರಗಟ್ಟಲೆ ಕೊಂಡರೆ ಹೊಸ ವಾದ್ಯವನ್ನೇ ಕಟ್ಟಬಹುದು. ಬೆರಿಂಜರ್ ಕಂಪನಿ ಎಸ್‌ಎಚ್-101ರ ಮಾದರಿಯ ವಾದ್ಯವನ್ನು ಕೆಲವೇ ನೂರು ಡಾಲರಿಗೆ ಮಾರಲು ಸಾಧ್ಯವಾದದ್ದು ಇಂಥ ಚಿಪ್‌ಗಳಿಂದ. ಇದಕ್ಕೂ ಮುಂಚೆಯೇ ಕೊರ್ಗ್ ಕಂಪನಿ 1978ರ ತನ್ನ ಎಂಎಸ್-20ನ್ನು 2013ರಲ್ಲಿ ಚಿಕ್ಕ ಗಾತ್ರದಲ್ಲಿ ಮರುತಯಾರಿಸಿತ್ತು.

ಯಮಾಹಾ 2015ರಲ್ಲಿ ಸೀಕ್ವೆನ್ಷಿಯಲ್ ಎಂಬ ಹೆಸರನ್ನು ಸ್ಮಿತ್ ಅವರಿಗೆ ಹಿಂದಿರುಗಿಸಿತು. 2020ರಲ್ಲಿ ಬಂದ ಪ್ರಾಫೆಟ್-5ರ ನಾಲ್ಕನೆಯ ಆವೃತ್ತಿಯಲ್ಲಿ ಮರುತಯಾರಾದ ಕರ್ಟಿಸ್ ಆಸಿಲೇಟರುಗಳೂ, ರಾಸಮ್ ತಮ್ಮ ಹಳೆಯ ಎಸ್‌ಎಸ್‌ಎಂ ವಿನ್ಯಾಸವನ್ನು ಪರಿಷ್ಕರಿಸಿ ರೂಪಿಸಿದ ಫಿಲ್ಟರುಗಳೂ ಒಟ್ಟಿಗೆ ಇವೆ. ಒಂದು ಸ್ವಿಚ್ ಒತ್ತಿ ಮೊದಲ ಆವೃತ್ತಿಗಳ ಫಿಲ್ಟರಿನಿಂದ ಮೂರನೆಯದರ ಫಿಲ್ಟರಿಗೆ ಹೋಗಬಹುದು. ಅದಕ್ಕಿಂತ ಕುತೂಹಲಕರವಾದದ್ದು ‘ವಿಂಟೇಜ್’ ಎಂಬ ಗುಂಡಿ. ಹೊಸ ವಾದ್ಯದ ಆಸಿಲೇಟರುಗಳು ಅತ್ಯಂತ ಸ್ಥಿರವಾಗಿರುವುದರಿಂದ, ಆ ಗುಂಡಿಯನ್ನು ತಿರುಗಿಸಿದಷ್ಟೂ ಕಂಠಕಂಠಗಳ ನಡುವೆ ಸಣ್ಣಪುಟ್ಟ ಏರುಪೇರುಗಳನ್ನು ಪ್ರೊಸೆಸರ್ ತಾನಾಗಿ ಸೇರಿಸುತ್ತದೆ. ಯಾವ ಅಸ್ಥಿರತೆಯನ್ನು ತೊಲಗಿಸಲೆಂದು ಸ್ಮಿತ್ 1980ರಲ್ಲಿ ಚಿಪ್‌ಗಳನ್ನೇ ಬದಲಿಸಿದ್ದರೋ ಅದನ್ನೇ ಬೇಕೆಂದಾಗ ಪಡೆಯುವ ಸೌಕರ್ಯವಾಗಿ ಕೊಟ್ಟ ಈ ವಾದ್ಯ ಅವರ ಕೊನೆಯ ದೊಡ್ಡ ಕೆಲಸಗಳಲ್ಲೊಂದು. 2022ರಲ್ಲಿ ಅವರು ನಿಧನರಾದರು.

ಸರಳವಾದ, ಹಲವರು ಬಳಸಿದ ಚಿಪ್‌ಗೆ ಸಿಕ್ಕ ಈ ಪುನರ್ಜನ್ಮ ಎಲ್ಲಕ್ಕೂ ಸಿಕ್ಕಿಲ್ಲ. ಸಿಎಸ್-80ರ ಚಿಪ್‌ಗಳನ್ನು ಯಮಾಹಾ ತನಗಾಗಿಯೇ ಮಾಡಿಸಿಕೊಂಡಿದ್ದರಿಂದ, ಅದರ ಕಂಠವೊಂದು ಕೆಟ್ಟರೆ ಮೊದಲಿಗೆ ಹುಡುಕುವುದು ಇನ್ನೊಂದು ಹಳೆಯ ಯಮಾಹಾವನ್ನೇ. ಅನಲಾಗ್ ವಾದ್ಯಗಳನ್ನು ಮೂಲೆಗೆ ತಳ್ಳಿದ ಡಿಎಕ್ಸ್-7ರ ಸ್ಥಿತಿಯೂ ಭಿನ್ನವಾಗಿಲ್ಲ. ಅದರ ನಾದವನ್ನು ಲೆಕ್ಕಹಾಕುವ ಚಿಪ್‌ನ ಹೊದಿಕೆ ಬಿಡಿಸಿ, ಸೂಕ್ಷ್ಮದರ್ಶಕದಡಿ ಚಿತ್ರ ತೆಗೆದು, ಒಳಗಿನ ತರ್ಕವನ್ನು ಬಿಡಿಸಿ ಓದುವ ಕೆಲಸ 2021ರಲ್ಲಿ ನಡೆಯಿತು. ಆದರೆ ಆ ನಾದವನ್ನು ಉಚಿತ ತಂತ್ರಾಂಶವೊಂದು ಸಾಮಾನ್ಯ ಕಂಪ್ಯೂಟರಿನಲ್ಲೇ ಹೊರಡಿಸುವಾಗ ಅಂಥ ಚಿಪ್ಪನ್ನು ಮತ್ತೆ ಅಚ್ಚುಹಾಕಿಸಲು ಬಂಡವಾಳ ಹೂಡುವವರು ಕಡಿಮೆ. ಲಕ್ಷಕ್ಕೂ ಮಿಕ್ಕಿ ತಯಾರಾದ ವಾದ್ಯವಾದ್ದರಿಂದ ಬಿಚ್ಚಲು ಇನ್ನೊಂದು ಡಿಎಕ್ಸ್-7 ಸದ್ಯಕ್ಕಂತೂ ಸಿಗುತ್ತದೆ.